ಗುಲಗಂಜಿ ತೂಕದ ಮದ್ದು, ಮಣ ತೂಕದ ಭರವಸೆ

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾವೇರಿ, ಕಪಿಲೆಯರು ಕೂಡುವ ಈ ಕ್ಷೇತ್ರ ಪುಣ್ಯದಲ್ಲಿ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಇಲ್ಲಿನವರ ನಂಬಿಕೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಆ ನಂಬಿಕೆಯೊಳಗೆ ಒಂದು ಶಿಸ್ತಿದೆ. ನಮ್ಮದು ದೊಡ್ಡದು ಎಂದು ಹೇಳಿ ಸುಮ್ಮನಾಗಲಿಲ್ಲ. ಎಷ್ಟು ದೊಡ್ಡದು ಎಂದು ತೂಗಿ ಹೇಳಿದರು. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ಇವತ್ತಿನ ಲೆಕ್ಕದಲ್ಲಿ ಸುಮಾರು 120 ಮಿಲಿಗ್ರಾಂ.

ಈಗ ಸಂಗಮ ಬಿಟ್ಟು ಪೇಟೆಗೆ ಬನ್ನಿ. ನರಸೀಪುರವಾಗಲಿ, ನಂಜನಗೂಡಾಗಲಿ, ಸಂಜೆ ಹೊತ್ತು ಯಾವುದಾದರೂ ಮೆಡಿಕಲ್ ಸ್ಟೋರಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು. “ಕಾಲು ಜೋಮು ಹಿಡೀತದೆ ಸಾ, ಅಂಗಾಲು ಉರೀತದೆ, ನರ ವೀಕಾಗದೆ, ಏನಾರ ಕೊಡಿ” ಎನ್ನುವವರು ಬಂದೇ ಬರುತ್ತಾರೆ. ಸಿಗುವುದು ಹತ್ತು ಕ್ಯಾಪ್ಸೂಲಿನ ಒಂದು ಸ್ಟ್ರಿಪ್. ಅದರ ಬೆನ್ನ ಮೇಲೆ ಇರುವೆ ಸಾಲಿನಂತೆ ಅಚ್ಚಾಗಿರುವುದನ್ನು ಕಣ್ಣು ಕಿರಿದು ಮಾಡಿ ಓದಿದರೆ ಸಾಮಾನ್ಯವಾಗಿ ಕಾಣುವ ಪಟ್ಟಿ ಇದು: ಮೀಥೈಲ್‌ಕೊಬಾಲಮಿನ್ 1500 ಮೈಕ್ರೊಗ್ರಾಂ, ಆಲ್ಫಾ ಲಿಪೋಯಿಕ್ ಆಸಿಡ್ 100 ಮಿಲಿಗ್ರಾಂ, ಫೋಲಿಕ್ ಆಸಿಡ್ 1.5 ಮಿಲಿಗ್ರಾಂ, ಪಿರಿಡಾಕ್ಸಿನ್ 3 ಮಿಲಿಗ್ರಾಂ. ಇನ್ನು ಕೆಲವದರಲ್ಲಿ ಗ್ರೀನ್ ಟೀ ಸತ್ವ, ದ್ರಾಕ್ಷಿ ಬೀಜದ ಸತ್ವ, ಲೈಕೋಪಿನ್, ಸತು, ಸೆಲೆನಿಯಂ, ಕ್ರೋಮಿಯಂ ಎಂದು ಮದುವೆ ಊಟದ ಪಟ್ಟಿಯೇ ಇರುತ್ತದೆ. ಇರುವುದು ಒಂದೇ ಕ್ಯಾಪ್ಸೂಲು. ಪಟ್ಟಿ ಉದ್ದವಾದಷ್ಟೂ ಒಂದೊಂದರ ಪಾಲು ಚಿಕ್ಕದಾಗಲೇಬೇಕು. ಬೆಲೆ ಮಾತ್ರ ಚಿಕ್ಕದಾಗುವುದಿಲ್ಲ.

ನಾನು ಹೇಳಹೊರಟಿರುವುದು ಇಷ್ಟೇ. ಆಂಟಿಆಕ್ಸಿಡೆಂಟ್ ಎಂಬ ಹೆಸರಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ಮಾರಾಟವಾಗುತ್ತಿರುವುದು ಬಹುಪಾಲು ಒಂದು ರೂಪಕ. ನಾವು ಆ ರೂಪಕವನ್ನು ದಿನಕ್ಕೊಂದರಂತೆ ನುಂಗುತ್ತಾ, ಕಾಲು ನೋಡಿಕೊಳ್ಳುವುದನ್ನು ಮರೆತಿದ್ದೇವೆ. ರೂಪಕಗಳನ್ನು ಬಿಡಿಸಿ ನೋಡುವುದು ಸಾಹಿತ್ಯ ಓದುವವರ ಕೆಲಸವಾದ್ದರಿಂದ ಈ ಮಾತನ್ನು ಇಲ್ಲಿ, ನಿಮ್ಮ ಮುಂದೆ ಆಡುತ್ತಿದ್ದೇನೆ.

ಆ ರೂಪಕ ತುಕ್ಕಿನದು. ಕಬ್ಬಿಣ ಗಾಳಿಗೆ ತುಕ್ಕು ಹಿಡಿಯುವಂತೆ ದೇಹವೂ ಒಳಗೊಳಗೇ ತುಕ್ಕು ಹಿಡಿಯುತ್ತದೆ, ಈ ಕ್ಯಾಪ್ಸೂಲು ಆ ತುಕ್ಕನ್ನು ಕೆರೆದು ಹಾಕುತ್ತದೆ ಎಂಬ ಕತೆ. ಇದು ಗಾಳಿಗೋಪುರವೇನೂ ಅಲ್ಲ. 1956ರಲ್ಲಿ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್, ಆಮ್ಲಜನಕ ಉರಿಯುವಾಗ ಹುಟ್ಟುವ ಫ್ರೀ ರ‍್ಯಾಡಿಕಲ್ ಎಂಬ ಚಂಚಲ ಕಣಗಳೇ ಮುಪ್ಪಿಗೆ ಕಾರಣವೆಂದು ವಾದ ಮಂಡಿಸಿದರು. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ನರಗಳಲ್ಲಿ ಇಂಥ ಕಣಗಳ ಹಾವಳಿ ಹೆಚ್ಚುವುದೂ ನಿಜ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಆಂಟಿಆಕ್ಸಿಡೆಂಟುಗಳು ಆ ಕಣಗಳನ್ನು ತಣ್ಣಗಾಗಿಸುವುದೂ ನಿಜ. ಹಾಗಾದರೆ ನುಂಗಿದರೆ ಒಳ್ಳೆಯದಾಗಲೇಬೇಕಲ್ಲ?

ಹಾಗೆಂದೇ ಎಲ್ಲರೂ ಎಣಿಸಿದ್ದರು. ಫಿನ್‌ಲೆಂಡಿನಲ್ಲಿ ಬೀಡಿ ಸಿಗರೇಟಿನ ಚಟವಿದ್ದ 29,133 ಗಂಡಸರನ್ನು ಗುಂಪು ಮಾಡಿ, ಕೆಲವರಿಗೆ ಬೀಟಾ ಕ್ಯಾರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಸತ್ವವಿಲ್ಲದ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾದರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ 18,314 ಜನರ ಮೇಲೆ ಬೀಟಾ ಕ್ಯಾರೋಟಿನ್ ಮತ್ತು ವಿಟಮಿನ್ ಎ ಕೊಟ್ಟು ನಡೆಸಿದ ಇನ್ನೊಂದು ಪ್ರಯೋಗದಲ್ಲೂ ಕ್ಯಾನ್ಸರ್ ಶೇಕಡ 28ರಷ್ಟು ಹೆಚ್ಚು ಕಂಡು, 1996ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು. 2012ರಲ್ಲಿ ಕೊಕ್ರೇನ್ ಸಂಸ್ಥೆ 78 ಪ್ರಯೋಗಗಳನ್ನು, ಅಂದರೆ 2,96,707 ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿತು. ಆಂಟಿಆಕ್ಸಿಡೆಂಟ್ ಮಾತ್ರೆಗಳಿಂದ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ. ಬೀಟಾ ಕ್ಯಾರೋಟಿನ್ ಮತ್ತು ವಿಟಮಿನ್ ಇ ಸಾವಿನ ಪ್ರಮಾಣವನ್ನು ತುಸು ಏರಿಸುವಂತೆ ಕಂಡಿತು.

ಅದು ಕ್ಯಾನ್ಸರಿನ ಮಾತಾಯಿತು, ಸಕ್ಕರೆಗೂ ಅದಕ್ಕೂ ಏನು ನಂಟು ಎಂದು ಕೇಳಬಹುದು. ಅದಕ್ಕೂ ಉತ್ತರವಿದೆ. 2009ರಲ್ಲಿ ಜರ್ಮನಿಯ ಮೈಕೆಲ್ ರಿಸ್ಟೋ ಮತ್ತು ಸಂಗಡಿಗರು ಆರೋಗ್ಯವಂತ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನಕ್ಕೆ ದಿನವೂ 1000 ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ ವಿಟಮಿನ್ ಇ. ಮಾತ್ರೆಯಿಲ್ಲದೆ ಬೆವರು ಸುರಿಸಿದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ಮಾತ್ರೆ ನುಂಗಿದವರಿಗೆ ಆ ಲಾಭ ದಕ್ಕಲಿಲ್ಲ. ವ್ಯಾಯಾಮದ ಹೊತ್ತಿನಲ್ಲಿ ಹುಟ್ಟುವ ಆ ಚಂಚಲ ಕಣಗಳೇ ‘ಎಚ್ಚೆತ್ತುಕೋ’ ಎಂದು ದೇಹಕ್ಕೆ ಕೊಡುವ ಕರೆಯಾಗಿದ್ದವು. ಮಾತ್ರೆ ಆ ಕರೆಯ ಬಾಯಿಗೆ ಬಟ್ಟೆ ತುರುಕಿತು. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಬಳಸುವ ಆಯುಧವೂ ಇಂಥ ಕಣಗಳೇ.

ನಂಜನಗೂಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಹೆಸರಿನಲ್ಲೇ ಇದೆ. ನಂಜುಂಡ ವಿಷವನ್ನು ಲೋಕದಿಂದ ಅಳಿಸಿ ಹಾಕಲಿಲ್ಲ, ಹೊಟ್ಟೆಗೂ ಇಳಿಸಲಿಲ್ಲ. ಗಂಟಲಿನಲ್ಲಿ ಇರಬೇಕಾದ ಕಡೆ ಇಟ್ಟುಕೊಂಡ. ಆರೋಗ್ಯವಂತ ದೇಹ ಮಾಡುವುದೂ ಅದನ್ನೇ. ನಂಜಿನ ಸುಳಿವೇ ಇಲ್ಲದಂತೆ ಮಾಡುತ್ತೇನೆ ಎಂದು ಹೊರಟ ಕ್ಯಾಪ್ಸೂಲು, ಟಿಪ್ಪು ‘ಹಕೀಮ್ ನಂಜುಂಡ’ ಎಂದು ಕರೆದನೆಂಬ ಪ್ರತೀತಿಯಿರುವ ದೇವರ ಊರಿನಲ್ಲೇ ಭರ್ಜರಿಯಾಗಿ ಬಿಕರಿಯಾಗುತ್ತಿರುವುದು ತಮಾಷೆಯ ಸಂಗತಿ.

ಆಲ್ಫಾ ಲಿಪೋಯಿಕ್ ಆಸಿಡ್‌ನ ವಿಚಾರದಲ್ಲಿ ನ್ಯಾಯವಾಗಿಯೇ ಮಾತಾಡೋಣ. ಇದು ಬೀಟಾ ಕ್ಯಾರೋಟಿನ್‌ನಷ್ಟು ಸೋತ ಸರಕಲ್ಲ. 2006ರಲ್ಲಿ ಪ್ರಕಟವಾದ ‘ಸಿಡ್ನಿ 2’ ಎಂಬ ಪ್ರಯೋಗದಲ್ಲಿ 181 ಸಕ್ಕರೆ ರೋಗಿಗಳ ಪೈಕಿ ಐದು ವಾರ ಇದನ್ನು ನುಂಗಿದವರಲ್ಲಿ ಉರಿ, ಚುಚ್ಚುನೋವು ಕಡಿಮೆಯಾದದ್ದು ಕಂಡಿತು. ಆಮೇಲೆ 460 ಜನರ ಮೇಲೆ ನಾಲ್ಕು ವರ್ಷ ನಡೆದ ‘ನೇಥನ್ 1’ ಪ್ರಯೋಗದ ಫಲಿತಾಂಶ 2011ರಲ್ಲಿ ಬಂದಾಗ, ಮುಖ್ಯವಾಗಿ ಏನನ್ನು ಸಾಧಿಸಬೇಕೆಂದು ಹೊರಟಿದ್ದರೋ ಅದು ಕೈಗೂಡಿರಲಿಲ್ಲ. ಕೆಲವು ಸಣ್ಣ ಸುಧಾರಣೆಗಳಷ್ಟೇ ಕಂಡಿದ್ದವು. 2024ರ ಕೊಕ್ರೇನ್ ವಿಮರ್ಶೆ, ಆರು ತಿಂಗಳ ಬಳಿಕ ನರದ ತೊಂದರೆಯ ಲಕ್ಷಣಗಳ ಮೇಲೆ ಇದರ ಪರಿಣಾಮ ಪ್ರಾಯಶಃ ತೀರಾ ಅಲ್ಪ ಅಥವಾ ಏನೂ ಇಲ್ಲ ಎಂದಿತು. ವೈದ್ಯರೊಬ್ಬರು ರೋಗಿಯನ್ನು ಪರೀಕ್ಷಿಸಿ, ಉರಿ ತಾಳಲಾರದವರಿಗೆ ಕೆಲವು ವಾರ ಕೊಟ್ಟು ನೋಡೋಣ ಎಂದರೆ ಅದಕ್ಕೆ ನನ್ನ ತಕರಾರಿಲ್ಲ. ಅಂಗಾಲಿನ ಉರಿಗೆ ರಾತ್ರಿಯೆಲ್ಲ ಒದ್ದೆ ಬಟ್ಟೆ ಸುತ್ತಿಕೊಂಡು ಕೂರುವವರ ನೋವು ದೊಡ್ಡದು.

ತಕರಾರು ಇರುವುದು ತೂಕದಲ್ಲಿ. ಆ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಟ್ಟದ್ದು ದಿನಕ್ಕೆ 600 ಮಿಲಿಗ್ರಾಂ, ಅಂದರೆ ಐದು ಗುಲಗಂಜಿ. ನಮ್ಮ ಸ್ಟ್ರಿಪ್ಪಿನಲ್ಲಿರುವುದು 100 ಮಿಲಿಗ್ರಾಂ, ಒಂದು ಗುಲಗಂಜಿಗೂ ಕಡಿಮೆ. ಐದು ಗುಲಗಂಜಿಗೇ ಅನುಮಾನದ ಫಲ ಸಿಕ್ಕಿರುವಾಗ ಒಂದು ಗುಲಗಂಜಿಗೂ ಕಡಿಮೆ ತೂಗಿ ಕೊಟ್ಟು, ‘ನರಗಳಿಗೆ ಸಂಪೂರ್ಣ ಪೋಷಣೆ’ ಎಂಬಂಥ ಮಣ ತೂಕದ ಮಾತು ಆಡುವುದು ಯಾವ ತಕ್ಕಡಿಯ ನ್ಯಾಯ? ಸಂತೆಯಲ್ಲಿ ಸೊಪ್ಪಿನ ಕಟ್ಟು ಚಿಕ್ಕದಾಯಿತೆಂದು ಜಗಳ ತೆಗೆಯುವ ನಾವು ಇಲ್ಲಿ ಮಾತ್ರ ತಕ್ಕಡಿಯತ್ತ ನೋಡುವುದೇ ಇಲ್ಲ.

ಅದೇ ಕ್ಯಾಪ್ಸೂಲಿನಲ್ಲಿ ನಿಜವಾದ ಕೆಲಸದ ಸರಕೂ ಒಂದಿದೆ. ಮೀಥೈಲ್‌ಕೊಬಾಲಮಿನ್, ಅಂದರೆ ವಿಟಮಿನ್ ಬಿ12ರ ಒಂದು ರೂಪ. ಇದನ್ನು ಆಂಟಿಆಕ್ಸಿಡೆಂಟ್ ಎಂದು ಮಾರುವ ಅಗತ್ಯವೇ ಇಲ್ಲ. ಇದರ ಕೊರತೆಯಾದರೆ ನರಗಳ ಹೊದಿಕೆಯೇ ಹಾಳಾಗುತ್ತದೆ. ಈ ಕೊರತೆ ನಮ್ಮ ಸೀಮೆಯದೇ ಕತೆ. 1997-98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಗೆ, ಬಂದ ಗರ್ಭಿಣಿಯರನ್ನು ಸೇರಿಸಿಕೊಂಡು ಒಂದು ದೀರ್ಘ ಅಧ್ಯಯನ ಆರಂಭವಾಯಿತು. ಪಾರ್ಥೆನಾನ್ ಅಧ್ಯಯನ ಎಂದು ಅದರ ಹೆಸರು. ಜಿ.ವಿ. ಕೃಷ್ಣವೇಣಿ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಆ ತಾಯಂದಿರಲ್ಲಿ ಶೇಕಡ 43 ಮಂದಿಗೆ ಬಿ12 ಕೊರತೆಯಿತ್ತು. ಕೊರತೆಯಿದ್ದವರಲ್ಲಿ ದೇಹದ ಕೊಬ್ಬೂ ಇನ್ಸುಲಿನ್ ಪ್ರತಿರೋಧವೂ ಹೆಚ್ಚಿದ್ದದ್ದು ಕಂಡುಬಂತು.

ಇದಕ್ಕೆ ಇನ್ನೊಂದು ಗಂಟು ಸೇರಿಸಿ. ಸಕ್ಕರೆ ಕಾಯಿಲೆಗೆ ಮೊದಲು ಬರೆಯುವ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮೆಟ್‌ಫಾರ್ಮಿನ್ ಒಳ್ಳೆಯ ಔಷಧ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಬಿ12 ಕಡಿಮೆಯಾಗುತ್ತದೆ. ಆಗ ಬರುವ ಜೋಮು, ಉರಿ ಸಕ್ಕರೆಯಿಂದ ಬರುವ ಜೋಮಿನಂತೆಯೇ ಇರುತ್ತದೆ. ಎರಡನ್ನೂ ಬೇರೆ ಮಾಡಲು ಒಂದು ರಕ್ತಪರೀಕ್ಷೆ ಬೇಕು. ಪರೀಕ್ಷೆಗೆ ಮುನ್ನವೇ ಕ್ಯಾಪ್ಸೂಲು ನುಂಗಿಬಿಟ್ಟರೆ ರಕ್ತದಲ್ಲಿ ಬಿ12 ಏರಿ, ಕೊರತೆ ಇತ್ತೋ ಇಲ್ಲವೋ ಗೊತ್ತಾಗದೆ ಹೋಗುತ್ತದೆ. ಕೊರತೆ ಇದ್ದವರಿಗೆ ಬಿ12 ಒಂದೇ ಇರುವ ಮಾತ್ರೆಯೋ ಸೂಜಿಯೋ ಸಾಕು. ಅದರ ಜೊತೆಗೆ ದ್ರಾಕ್ಷಿ ಬೀಜದ ಮೆರವಣಿಗೆ ಏಕೆ? ಒಂದು ಖರೆಯ ಸರಕಿನ ಹೆಗಲ ಮೇಲೆ ಹತ್ತು ಅನುಮಾನದ ಸರಕುಗಳನ್ನು ಕೂರಿಸಿ ಹೊರಿಸುವ ವ್ಯಾಪಾರ ಇದು.

ಬಿ12 ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತದೆ. 2021ರ ಕೊನೆಯಲ್ಲಿ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಲು ಸರ್ಕಾರ ಹೊರಟಾಗ ಈ ರಾಜ್ಯದಲ್ಲಿ ಎದ್ದ ಗದ್ದಲ ನೆನಪಿದೆಯಲ್ಲ. ತಟ್ಟೆಯಲ್ಲಿ ಅಗ್ಗವಾಗಿ ಬರುವ ಸತ್ವಕ್ಕೆ ಅಡ್ಡಿ ಮಾಡುವ ಸಮಾಜವೇ ಮುಂದೆ ಅದನ್ನು ಹೊಳೆಯುವ ಸ್ಟ್ರಿಪ್ಪಿನಲ್ಲಿ ದುಬಾರಿಗೆ ಕೊಳ್ಳುತ್ತದೆ. ಆ ಕ್ಯಾಪ್ಸೂಲಿನ ಮೆತ್ತನೆಯ ಕವಚ ಹೆಚ್ಚಾಗಿ ಜೆಲಾಟಿನ್‌ನದು, ಜೆಲಾಟಿನ್ ಬರುವುದು ಪ್ರಾಣಿಗಳ ಮೂಳೆ ಚರ್ಮದಿಂದ ಎಂಬುದನ್ನು ಯಾರೂ ಕೇಳುವುದಿಲ್ಲ.

ನಮ್ಮ ಭಾಷೆಗೂ ಇದರಲ್ಲಿ ಪಾಲಿದೆ. ಕನ್ನಡದ ‘ನರ’ ದೊಡ್ಡ ಮನೆತನದ ಪದ. ನರವ್ಯೂಹವೂ ನರ, ಮುಂಗೈಯಲ್ಲಿ ಉಬ್ಬಿದ ರಕ್ತನಾಳವೂ ನರ, ಕತ್ತು ಉಳುಕಿದರೆ ಹಿಡಿಯುವುದೂ ನರವೇ. ಗೋಡೆ ಬರಹಗಳ ‘ನರದೌರ್ಬಲ್ಯ’ ಏನನ್ನು ಸೂಚಿಸುತ್ತದೆ ಎಂಬುದು ಬಸ್‌ಸ್ಟ್ಯಾಂಡ್ ಕಂಡ ಎಲ್ಲರಿಗೂ ಗೊತ್ತು. ಇಷ್ಟು ಅಗಲವಾದ ಪದ ಸಿಕ್ಕರೆ ವ್ಯಾಪಾರಿಗೆ ಹಬ್ಬ. ‘ನರಕ್ಕೆ ಶಕ್ತಿ’ ಎಂದರೆ ಸಾಕು, ಕೇಳಿದವರು ತಮ್ಮ ತಮ್ಮ ನೋವನ್ನು ಅದರೊಳಗೆ ತುಂಬಿಕೊಳ್ಳುತ್ತಾರೆ. ಕಾಲು ಜೋಮಿಗೆ ಸಕ್ಕರೆಯೊಂದೇ ಕಾರಣವಲ್ಲ. ಬಿ12 ಕೊರತೆ, ಹೆಂಡ, ಬೆನ್ನುಮೂಳೆಯಲ್ಲಿ ನರ ಒತ್ತಿಕೊಳ್ಳುವುದು, ಕುಷ್ಠ, ಹೀಗೆ ಹಲವು. ಒಂದೊಂದರ ಚಿಕಿತ್ಸೆ ಬೇರೆ. ‘ನರ ವೀಕ್’ ಎಂಬ ಎರಡು ಪದ ಇವೆಲ್ಲವನ್ನೂ ಒಂದೇ ಸ್ಟ್ರಿಪ್ಪಿನ ಕೆಳಗೆ ಹೂತುಬಿಡುತ್ತದೆ. ನಮ್ಮ ಪತ್ರಿಕೆಗಳ ಆರೋಗ್ಯ ಪುಟಗಳು ನೆಲ್ಲಿಕಾಯಿಯಿಂದ ಕಾಫಿಯವರೆಗೆ ಎಲ್ಲಕ್ಕೂ ‘ಆಂಟಿಆಕ್ಸಿಡೆಂಟ್ ಭರಿತ’ ಎಂಬ ಬಿರುದು ಅಂಟಿಸಿ, ಆ ಪದವನ್ನು ಮಂತ್ರ ಮಾಡಿ ಇಟ್ಟಿವೆ. ನೆಲ್ಲಿಕಾಯಿ ತಿನ್ನಿ, ಚೆನ್ನಾಗಿರುತ್ತದೆ. ಆದರೆ ಹಣ್ಣು ತಿನ್ನುವವರು ಆರೋಗ್ಯವಾಗಿದ್ದಾರೆ ಎಂಬುದರಿಂದ ಹಣ್ಣಿನ ಒಂದು ಅಂಶವನ್ನು ಹಿಂಡಿ ಗುಳಿಗೆ ಮಾಡಿದರೂ ಅದೇ ಫಲ ಎಂದು ಹೇಳಲಾಗದು. ಫಿನ್‌ಲೆಂಡಿನ ಪಾಠ ಅದೇ.

ಕಾನೂನು ಏನು ಹೇಳುತ್ತದೆ? ಆಹಾರ ಪೂರಕವೆಂದು ಪರವಾನಗಿ ಪಡೆದ ಇಂಥ ಸರಕುಗಳ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂದು ಅಚ್ಚು ಹಾಕಲೇಬೇಕು ಎಂಬುದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2016ರ ನಿಯಮ. ಅದನ್ನು ಅಚ್ಚು ಹಾಕುತ್ತಾರೆ, ಇಂಗ್ಲಿಷಿನಲ್ಲಿ, ಸಣ್ಣಗೆ. ಆಮೇಲೆ ಔಷಧದ ಅಂಗಡಿಯಲ್ಲಿ, ಔಷಧದ ಸ್ಟ್ರಿಪ್ಪಿನ ವೇಷದಲ್ಲಿ, ಎಷ್ಟೋ ಸಲ ಔಷಧದ ಚೀಟಿಯಲ್ಲೇ ಬರೆದು ಮಾರುತ್ತಾರೆ. ಆಹಾರವಾದ್ದರಿಂದ ಅಗತ್ಯ ಔಷಧಗಳ ಬೆಲೆ ನಿಯಂತ್ರಣ ಇದಕ್ಕೆ ತಾಗುವುದಿಲ್ಲ. ಕಾಯಿಲೆಯ ಮೇಲೆ ಕೆಲಸ ಮಾಡುತ್ತದೆಂದು ಔಷಧದಂತೆ ರುಜುವಾತು ಮಾಡಬೇಕಾಗಿಯೂ ಇಲ್ಲ. ಲಾಭಕ್ಕೆ ಔಷಧ, ಲೆಕ್ಕ ಕೇಳಿದರೆ ಆಹಾರ. ಓದುಬರಹ ಕಡಿಮೆಯಿರುವ ರೈತ ಮಹಿಳೆಯೊಬ್ಬಳು ಇದನ್ನು ಹೇಗೆ ಬಿಡಿಸಿಕೊಳ್ಳಬೇಕು?

“ಇರಲಿ ಬಿಡಿ, ಒಳ್ಳೆಯದಾಗದಿದ್ದರೂ ಕೆಟ್ಟದ್ದೇನೂ ಇಲ್ಲವಲ್ಲ” ಎನ್ನುವವರಿದ್ದಾರೆ. ಇದು ಹೆಚ್ಚು ಅಪಾಯದ ಮಾತು. ಮೊದಲನೆಯದು, ಕೆಟ್ಟದ್ದೇನೂ ಇಲ್ಲ ಎಂಬುದು ಪೂರ್ತಿ ನಿಜವಲ್ಲ. ಪಿರಿಡಾಕ್ಸಿನ್, ಅಂದರೆ ಬಿ6, ಅತಿಯಾದರೆ ತಾನೇ ನರಗಳನ್ನು ಕೆಡಿಸುತ್ತದೆ ಎಂಬುದು 1983ರಿಂದ ವೈದ್ಯಲೋಕಕ್ಕೆ ಗೊತ್ತು. ಒಂದು ಕ್ಯಾಪ್ಸೂಲಿನಲ್ಲಿ ಅದು ಅತ್ಯಲ್ಪವಿರಬಹುದು. ಆದರೆ ಒಬ್ಬರು ಬರೆದದ್ದು, ಅಂಗಡಿಯವರು ಕೊಟ್ಟದ್ದು, ಮಗ ಕಳಿಸಿದ್ದು ಎಂದು ಮೂರು ಡಬ್ಬಿ ಒಟ್ಟಿಗೆ ನುಂಗುವವರು ಲೆಕ್ಕ ಇಡುವುದಿಲ್ಲ. ಆಲ್ಫಾ ಲಿಪೋಯಿಕ್ ಆಸಿಡ್‌ನಿಂದ, ತೀರಾ ಅಪರೂಪಕ್ಕಾದರೂ, ದೇಹ ತನ್ನದೇ ಇನ್ಸುಲಿನ್ ವಿರುದ್ಧ ತಿರುಗಿ ಸಕ್ಕರೆ ದಿಢೀರನೆ ಕುಸಿಯುವ ತೊಂದರೆ ಬರಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2021ರಲ್ಲಿ ಎಚ್ಚರಿಸಿದೆ.

ಎರಡನೆಯದು ದುಡ್ಡು. ಕ್ಯಾಪ್ಸೂಲಿಗೆ 15 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 5,475 ರೂಪಾಯಿ. ಕೂಲಿ ಮಾಡುವ ಮನೆಯಲ್ಲಿ ಅದು ಎಷ್ಟು ದಿನದ ದುಡಿಮೆ ಎಂದು ಯೋಚಿಸಿ. ಏಳು ರೂಪಾಯಿಗೊಂದರಂತೆ 780 ಮೊಟ್ಟೆ ಬರುತ್ತದೆ. ಸಕ್ಕರೆ ಮತ್ತು ಬಿ12 ಪರೀಕ್ಷೆ ಮಾಡಿಸಿ, ಮೆತ್ತನೆಯ ಎಂಸಿಆರ್ ಚಪ್ಪಲಿ ಕೊಂಡು, ಇನ್ನೂ ದುಡ್ಡು ಉಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಏನೋ ಮಾಡುತ್ತಿದ್ದೇವೆ ಎಂಬ ಸಮಾಧಾನ. ಆ ಸಮಾಧಾನದಲ್ಲಿ ಕಾಲು ಹೋಗುತ್ತದೆ. ಸಕ್ಕರೆಯಿಂದ ನರ ಸತ್ತ ಕಾಲಿಗೆ ನೋವು ಗೊತ್ತಾಗುವುದಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆ, ಐದು ರಥಗಳ ಆ ಉತ್ಸವ, ಬೇಸಿಗೆ ಬಲಿಯುವ ಹೊತ್ತಿಗೆ ಬರುತ್ತದೆ. ಬರಿಗಾಲಲ್ಲಿ ಕಾದ ಕಲ್ಲಿನ ಮೇಲೆ ನಿಂತವರಲ್ಲಿ ಯಾರಿಗೆ ಅಂಗಾಲು ಸುಡುತ್ತದೋ ಅವರು ಪುಣ್ಯವಂತರು. ಅವರು ಕಾಲೆತ್ತಿ ನೆರಳಿಗೆ ಓಡುತ್ತಾರೆ. ಸುಡುವುದೇ ಗೊತ್ತಾಗದವರು ನಿಂತೇ ಇರುತ್ತಾರೆ. ಬೊಬ್ಬೆ ಏಳುತ್ತದೆ, ಒಡೆಯುತ್ತದೆ, ಗದ್ದೆಯ ಕೆಸರು ತಾಗುತ್ತದೆ. ಆಮೇಲೆ ಊರವರು ಹೇಳುವ ಮಾತು: ಗಾಯ ನಂಜಾಯಿತು. ಬೆರಳು ತೆಗೆದರು, ಪಾದ ತೆಗೆದರು. ಮೂರು ವರ್ಷಕ್ಕೊಮ್ಮೆ ನರಸೀಪುರದ ಕುಂಭಮೇಳಕ್ಕೆ ಬಂದು ಸಂಗಮದ ಮರಳಲ್ಲಿ ನಡೆಯುವವರಿಗೂ ಇದೇ ಮಾತು ಸಲ್ಲುತ್ತದೆ. ದೇವರ ದರ್ಶನ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಬಿಸಿಲೇರುವ ಮುನ್ನ ಹೋಗಿ, ದಪ್ಪ ಕಾಲುಚೀಲ ಹಾಕಿಕೊಳ್ಳಿ, ಮನೆಗೆ ಬಂದ ಮೇಲೆ ಪಾದ ನೋಡಿಕೊಳ್ಳಿ ಎಂದು ಹೇಳಲು ಯಾವ ಕಂಪನಿಯೂ ಮುಂದೆ ಬರುವುದಿಲ್ಲ. ಅದರಲ್ಲಿ ಮಾರುವುದಕ್ಕೆ ಏನೂ ಇಲ್ಲವಲ್ಲ.

ನರವನ್ನು ಕಾಪಾಡುವುದು ಯಾವುದು ಎಂಬುದಕ್ಕೆ ಪುರಾವೆ ಇಲ್ಲದಿಲ್ಲ. ಚಿಕ್ಕ ವಯಸ್ಸಿಗೇ ಬರುವ ಟೈಪ್ 1 ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟಾಗ ನರದ ತೊಂದರೆ ಶೇಕಡ 60ರಷ್ಟು ಕಡಿಮೆಯಾಯಿತೆಂದು 1993ರ ದೊಡ್ಡ ಅಮೆರಿಕನ್ ಅಧ್ಯಯನ ತೋರಿಸಿತು. ನಮ್ಮಲ್ಲಿ ಹೆಚ್ಚಾಗಿರುವ ಟೈಪ್ 2ರಲ್ಲಿ ನರಗಳಿಗೆ ಆಗುವ ಲಾಭ ಅಷ್ಟು ದೊಡ್ಡದಲ್ಲ; ಆದರೂ ಕಣ್ಣು, ಮೂತ್ರಪಿಂಡ ಉಳಿಯಲು ಆ ಹಿಡಿತವೇ ಗತಿ. 2023ರಲ್ಲಿ ಐಸಿಎಂಆರ್ ನೆರವಿನ ಅಧ್ಯಯನ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ ಎಂದು ಅಂದಾಜು ಮಾಡಿತು. ಅಷ್ಟು ಜನರ ಪಾದಕ್ಕೆ ವರ್ಷಕ್ಕೊಮ್ಮೆ 10 ಗ್ರಾಂ ಒತ್ತಡದ ನೈಲಾನ್ ಎಳೆಯೊಂದನ್ನು ತಾಗಿಸಿ, ಗೊತ್ತಾಗುತ್ತದೆಯೇ ಎಂದು ಕೇಳುವ ಪರೀಕ್ಷೆ ಇದೆ. ಎರಡು ನಿಮಿಷದ ಕೆಲಸ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ತಪ್ಪದೆ ನಡೆಯಬೇಕೆಂದು ನಾವು ಗಲಾಟೆ ಮಾಡಬೇಕು. ‘ಔಷಧೀಯ ಬಳಕೆಗಲ್ಲ’ ಎಂಬ ಸಾಲು ಕನ್ನಡದಲ್ಲಿ, ಬ್ರ್ಯಾಂಡಿನ ಹೆಸರಿನಷ್ಟೇ ದಪ್ಪಗೆ ಇರಬೇಕೆಂದು ಕೇಳಬೇಕು. ಕನ್ನಡಕ್ಕಾಗಿ ಹೋರಾಡಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ?

ಕೊನೆಯದಾಗಿ, ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕುಳಿತು ಊರಿನ ಅಪ್ಪ ಅಮ್ಮನಿಗೆ ಕ್ಯಾಪ್ಸೂಲು ಡಬ್ಬಿ ಕಳಿಸುವ ಮಕ್ಕಳಿಗೆ ಒಂದು ಮಾತು. ನಿಮ್ಮ ಪ್ರೀತಿಯನ್ನು ಅನುಮಾನಿಸುತ್ತಿಲ್ಲ. ಹತ್ತಿರ ಇಲ್ಲವೆಂಬ ಸಂಕಟಕ್ಕೆ ಒಂದು ಡಬ್ಬಿ ಕಳಿಸಿದರೆ ಹಗುರಾಗುತ್ತದೆ. ಆ ಹಗುರವೇ ಈ ವ್ಯಾಪಾರದ ಬಂಡವಾಳ. ಈಗ ತೆಗೆದುಕೊಳ್ಳುತ್ತಿರುವ ಯಾವುದನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಕೇಳುವುದನ್ನು ಮಾತ್ರ ನಿಲ್ಲಿಸಲೇಬೇಡಿ. ಇದು ಯಾವುದಕ್ಕೆ, ಎಷ್ಟು ದಿನ, ಬಿ12 ಪರೀಕ್ಷೆ ಆಗಿದೆಯೇ ಎಂಬ ಮೂರು ಪ್ರಶ್ನೆ ಸಾಕು. ಮುಂದಿನ ಸಲ ಊರಿಗೆ ಹೋದಾಗ ಡಬ್ಬಿಯ ಬದಲು ಒಂದು ಜೊತೆ ಮೆತ್ತನೆಯ ಚಪ್ಪಲಿ ಒಯ್ಯಿರಿ. ಅಪ್ಪನನ್ನು ಜಗಲಿಯ ಮೇಲೆ ಕೂರಿಸಿ, ಕೆಳಗೆ ಕುಳಿತು, ಪಾದ ಎರಡನ್ನೂ ಕೈಗೆ ತೆಗೆದುಕೊಂಡು, ಬೆರಳ ಸಂದಿಯನ್ನು ಬಿಡಿಸಿ ನೋಡಿ.